ಚೆನ್ನಯನ ಸ್ಪೀಕರು, ವಾರಿಜಾಳ ಕುರ್ಚಿ

ಚೆನ್ನಯ ತೀರಿಕೊಂಡ ಮೇಲೆ ಮುಲುಂಡಿನ ಅವನ ಮನೆಗೆ ಮಾತಾಡಿಸಲು ಬಂದವರು ಫೋಟೊಕ್ಕೆ ಕೈಮುಗಿದು, ಕೂತು, ನೀರು ಕುಡಿದು, ಆಮೇಲೆ ಮೆಲ್ಲಗೆ ಕಣ್ಣು ಹೊರಳಿಸಿ ಅವನ ಸ್ಪೀಕರುಗಳನ್ನು ಹುಡುಕುತ್ತಿದ್ದರು. ಫೋಟೊದ ಎಡಕ್ಕೊಂದು ಬಲಕ್ಕೊಂದು, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಅಕ್ಕಿ ಡಬ್ಬಿಯಷ್ಟೇ ಗಾತ್ರದ ಎರಡು ಮರದ ಪೆಟ್ಟಿಗೆಗಳು. ಇಷ್ಟೇಯಾ ಎಂಬ ಪ್ರಶ್ನೆ ಅವರ ಮುಖದಲ್ಲಿ ಬಂದು ಹೋಗುತ್ತಿತ್ತು. ಬಾಳಿಡೀ ಇಟ್ಟುಕೊಳ್ಳುವಂಥ ಸ್ಪೀಕರು ಬೇಕೆಂದು ವರ್ಷಗಟ್ಟಲೆ ಮುಂಬಯಿ ಅಲೆದ ಮನುಷ್ಯ ಕೊನೆಗೆ ತಂದದ್ದು ಇಷ್ಟು ಸಣ್ಣದನ್ನೇ ಎಂದು. ಆ ಮುಖಗಳನ್ನು ನೋಡಿದಾಗಲೆಲ್ಲ ಅವನ ಹಳೆಯ ಗೆಳೆಯ ದೇವಾನಂದನಿಗೆ ನಾಲಿಗೆಯ ತುದಿಗೆ ಮಾತು ಬರುತ್ತಿತ್ತು. ಸಾವಿನ ಮನೆಯಲ್ಲಿ ಸ್ಪೀಕರಿನ ವಿಷಯ ಎಂಥದ್ದು ಎಂದು ನುಂಗಿಕೊಳ್ಳುತ್ತಿದ್ದ. ಆದರೆ ಚೆನ್ನಯನ ಬಗ್ಗೆ ಏನಾದರೂ ಹೇಳುವುದಿದ್ದರೆ ಅದನ್ನು ಬಿಟ್ಟು ಹೇಳುವಂತಿಲ್ಲ.

ಚೆನ್ನಯ ಕಾಪುವಿನ ಕಡೆಯವನು. ಮೀಸೆ ಮೂಡುವ ಮೊದಲೇ ಬಂದು ಘಾಟ್‌ಕೋಪರಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ. ಹಗಲೆಲ್ಲ ಹೋಟೆಲು, ಕತ್ತಲಾದ ಮೇಲೆ ಕನ್ನಡ ರಾತ್ರಿಶಾಲೆ. ಅಲ್ಲಿ ಅವನೂ ದೇವಾನಂದನೂ ಒಂದೇ ಬೆಂಚು. ದೇವಾನಂದನಿಗೆ ಪುಸ್ತಕದ ಹುಚ್ಚು ಹತ್ತಿ, ಓದುತ್ತಾ ಓದುತ್ತಾ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೇಷ್ಟ್ರಾದ. ಚೆನ್ನಯ ಲೋಟದಿಂದ ಟೇಬಲಿಗೆ, ಟೇಬಲಿನಿಂದ ಗಲ್ಲಾಕ್ಕೆ ಬಂದು, ಕೊನೆಗೆ ಅದೇ ಹೋಟೆಲಿನಲ್ಲಿ ಪಾಲುದಾರನೂ ಆದ.

ಅವನಿಗೆ ಹತ್ತಿದ ಹುಚ್ಚು ಕಿವಿಯದು. ಅದು ಹತ್ತಿದ್ದು ಆಟದಿಂದ. ಹೋಟೆಲು ಕೆಲಸಗಾರರು ಸೇರಿ ಆಗ ಒಂದು ಯಕ್ಷಗಾನ ಮಂಡಳಿ ಕಟ್ಟಿದ್ದರು. ಚೆನ್ನಯನ ಕಾಲು ಎಷ್ಟು ಕಲಿಸಿದರೂ ತಾಳಕ್ಕೆ ಬೀಳುತ್ತಿರಲಿಲ್ಲ. ಹಾಗಾಗಿ ವೇಷ ಸಿಗದೆ, ತೆರೆ ಹಿಡಿಯುವ ಕೆಲಸ ಸಿಕ್ಕಿತು. ಪಾತ್ರ ಮೊದಲ ಸಲ ರಂಗಕ್ಕೆ ಬರುವಾಗ ಇಬ್ಬರು ಬಟ್ಟೆಯೊಂದನ್ನು ಅಡ್ಡ ಹಿಡಿದು ನಿಲ್ಲುತ್ತಾರಲ್ಲ, ಅದು. ವೇಷದವನು ಅದರ ಹಿಂದೆ ಕುಣಿಯುತ್ತಾನೆ. ಜನರಿಗೆ ಕಿರೀಟದ ತುದಿಯೋ ಗೆಜ್ಜೆಯ ಕಾಲೋ ಕಂಡರೆ ಕಂಡಿತು. ಹಾಗೆ ತೆರೆ ಹಿಡಿದು ನಿಂತವನಿಗೆ ಮದ್ದಳೆ ಮಾರು ದೂರದಲ್ಲಿ, ಭಾಗವತರ ತಾಳ ಅದರ ಪಕ್ಕದಲ್ಲಿ. ಸಭೆಯಲ್ಲಿ ಕೂತವರಿಗೆ ಕೇಳದ್ದು ಅವನಿಗೆ ಕೇಳುತ್ತಿತ್ತು: ಪೆಟ್ಟು ಬಿದ್ದ ಮೇಲೆ ಮದ್ದಳೆಯ ಚರ್ಮದಲ್ಲಿ ಉಳಿಯುವ ಗುಂಗು, ಎರಡು ತಾಳಗಳು ಒಂದನ್ನೊಂದು ಬಿಟ್ಟು ಹೋಗುವಾಗಿನ ಎಳೆಯಂಥ ಕಿಣಿ.

"ಅದು ಒಮ್ಮೆ ನನ್ನ ಮನೆಯಲ್ಲಿ ಹಾಗೇ ಕೇಳ್ಬೇಕು ಮಾರಾಯ," ಎನ್ನುತ್ತಿದ್ದ. "ಮತ್ತೆ ಬೇರೆ ಎಂತ ಬೇಡ."

ಆ "ಒಮ್ಮೆ"ಗಾಗಿ ಅವನ ಮನೆಗೆ ಬಂದುಹೋದ ಸ್ಪೀಕರುಗಳ ಲೆಕ್ಕ ಯಾರೂ ಇಟ್ಟಿಲ್ಲ. ಎಲ್ಲವೂ ಹಳೆಯವು, ಯಾರೋ ಮನೆ ಬದಲಿಸುವಾಗ ಬಿಟ್ಟುಕೊಟ್ಟವು. ಬಂದ ಹೊಸತರಲ್ಲಿ "ಇದೇ, ಇದೇ" ಎನ್ನುತ್ತಿದ್ದ. ಮಳೆಗಾಲ ಕಳೆಯುವುದರೊಳಗೆ ಮುಖ ಸಣ್ಣಗಾಗುತ್ತಿತ್ತು. ಮುಂಬಯಿಯ ಹವೆಗೆ ಸ್ಪೀಕರಿನ ಅಂಚಿನ ಫೋಮು ಹಳೇ ಬಿಸ್ಕತ್ತಿನಂತೆ ಉದುರುತ್ತದೆ. ಅದನ್ನು ಕೆರೆದು ಹೊಸದು ಅಂಟಿಸಲು ಧಾರಾವಿಯ ಗುಡುಸಾಬನ ಹತ್ತಿರ ಒಯ್ಯಬೇಕು. ಗುಡುಸಾಬ ಬಾಗಲಕೋಟೆಯ ಕಡೆಯವನು. ಚರ್ಮದ ಚೀಲ ಹೊಲಿಯುವ ಅಂಗಡಿಗಳ ಸಾಲಿನಲ್ಲಿ ಸ್ಪೀಕರು ರಿಪೇರಿಯ ಒಂದು ಗೂಡು ಇಟ್ಟುಕೊಂಡಿದ್ದ. ಹೀಗೆ ಹೋಗಿ ಬಂದು ಗಿರಾಕಿ ಗೆಳೆಯನಾದ. ಅವನಿಗೂ ಕೇಳುವ ಚಟ, ಮತ್ತು ಕೇಳಿದ ಕೂಡಲೇ ತೀರ್ಪು ಕೊಡುವ ಚಟ.

ಹೋಟೆಲಿನ ಪಾಲು ಬಿಟ್ಟುಕೊಟ್ಟು ಚೆನ್ನಯ ಮನೆಯಲ್ಲಿ ಕೂತ ವರ್ಷ ಅವನ ಹೆಂಡತಿ ವಾರಿಜಾ ಒಂದು ಮಾತು ಹೇಳಿದಳು.

"ನೋಡಿ, ನಿಮ್ಗೆ ಬೇಕಾದ್ದು ಒಂದು ಸಲ ತನ್ನಿ. ಹೊಸದೇ ತನ್ನಿ, ಒಳ್ಳೇದೇ ತನ್ನಿ. ಆದ್ರೆ ಮತ್ತೆ ಬದಲಿಸ್ಲಿಕ್ಕಿಲ್ಲ. ನನ್ನನ್ನು ಬದಲಿಸಿದ್ದೀರಾ? ಇಲ್ಲ ಅಲ್ಲ? ಹಾಗೆ."

"ನಿನ್ನನ್ನು ಆಡಿಶನ್ ಮಾಡ್ಲಿಕ್ಕೆ ನಿನ್ನಪ್ಪ ಬಿಡ್ಲಿಲ್ಲ ಅಲ್ಲ," ಎಂದ ಚೆನ್ನಯ.

ಮಾತು ನಗೆಯಲ್ಲಿ ಹೋಯಿತು, ಆದರೆ ಅವನು ಅದನ್ನು ವ್ರತದಂತೆ ಹಿಡಿದ. ಇನ್ನು ಒಂದೇ ಜೋಡಿ. ಸಾಯುವ ತನಕ ಅದೇ. ಆಗಿನಿಂದ ಅವನು ಆರಿಸುವ ರೀತಿಯೇ ಬೇರೆಯಾಯಿತು. ಮೊದಲೆಲ್ಲ ಕೇಳಿ ಖುಷಿಯಾದರೆ ತರುತ್ತಿದ್ದವನು ಈಗ ಅಂಚು ಫೋಮೋ ರಬ್ಬರೋ, ಬಿಡಿಭಾಗ ಎಷ್ಟು ಕಾಲ ಸಿಗುತ್ತದೆ, ಮಾಡಿದವರು ಇನ್ನೂ ಅದನ್ನೇ ಮಾಡುತ್ತಾರೋ ಇಲ್ಲವೋ ಎಂದು ವಿಚಾರಿಸತೊಡಗಿದ. ಹೆಣ್ಣಿಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ದೇವಾನಂದ ಹಾಸ್ಯ ಮಾಡಿದ್ದುಂಟು.

ದೇವಾನಂದ ಇದರೊಳಗೆ ಸಿಕ್ಕಿಬಿದ್ದದ್ದು ಬರಿಯ ಕುತೂಹಲದಿಂದ. ಸತ್ಯ ಹೇಳುವುದಾದರೆ ಅವನಿಗೆ ಒಂದು ಸ್ಪೀಕರಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಚೆನ್ನಯ ಕಣ್ಣು ಮುಚ್ಚಿ, ಬೆರಳೆತ್ತಿ, "ಈಗ, ಈಗ ನೋಡು," ಎನ್ನುವಾಗ ಅಲ್ಲಿ ನಿಜವಾಗಿ ಏನೋ ಇದೆಯೋ ಅಥವಾ ಇದು ಭಕ್ತರಿಗೆ ಮಾತ್ರ ಕಾಣುವ ದೇವರೋ ಎಂದು ಅವನಿಗೆ ತಿಳಿಯಬೇಕಿತ್ತು. ಕೇಳದವನು ಜೊತೆಗಿದ್ದರೆ ಒಳ್ಳೆಯದೇ ಎಂದು ಚೆನ್ನಯನೂ ಒಪ್ಪಿದ.

ಇಬ್ಬರೂ ಲೋವರ್ ಪರೇಲಿನ ಒಂದು ಶೋರೂಮಿಗೆ ಹೋದರು. ಗೋಡೆಗೆಲ್ಲ ಮೆತ್ತೆ ಹೊದೆಸಿದ, ಉಸಿರು ಕೂಡ ಕೇಳುವಂಥ ಕೋಣೆ. ಅಲ್ಲಿ ಪ್ರೀತಮ್ ಎಂಬ ತರುಣ ಅವರನ್ನು ಕೂರಿಸಿ ವಿದೇಶದ ಯಾವುದೋ ಗಾಯಕಿಯ ಹಾಡು ಹಾಕಿದ. ಚೆನ್ನಯ ಪೂರ್ತಿ ಕೇಳಿ, "ಚಂದ ಉಂಟು. ಆದ್ರೆ ಅವಳು ಹಾಡುವಾಗ ನಾನು ಅಲ್ಲಿರ್ಲಿಲ್ಲ. ನಿಜವಾಗಿ ಹೇಗಿತ್ತೋ ನನಗೆಂತ ಗೊತ್ತು?" ಎಂದು ಜೇಬಿನಿಂದ ಪೆನ್‌ಡ್ರೈವ್ ತೆಗೆದ. ಮಂಡಳಿಯ ಹಳೆಯ ಆಟದ ಧ್ವನಿಮುದ್ರಿಕೆ. ಅವನೇ ತೆರೆ ಹಿಡಿದಿದ್ದ ದಿನದ್ದು.

ಮದ್ದಳೆ ಬಿದ್ದ ಕೂಡಲೇ ಪ್ರೀತಮ್ ಎದ್ದು ಕೂತ. "ಅಂಕಲ್, ಇದು ಆಟ, ನಾ? ನನ್ನ ಅಜ್ಜ ವಿಲೇಜಲ್ಲಿ... ನಂಗೆ ಕನ್ನಡ ಸಮಜ್ತದೆ, ಬಟ್ ಬೋಲ್ನಾ ಥೋಡಾ ಕಷ್ಟ."

"ತೊಂದ್ರೆ ಇಲ್ಲ, ಕಿವಿ ಉಂಟಲ್ಲ, ಸಾಕು," ಎಂದ ಚೆನ್ನಯ. "ಎಲ್ಲಿ ನಿಮ್ದು?"

"ಮೂಡಬಿದ್ರಿ ಸೈಡ್. ಐ ಮೀನ್, ಡ್ಯಾಡಿದು. ನಂದು ಅಂದ್ರೆ ಡೊಂಬಿವ್ಲಿ."

ಅಂದಿನಿಂದ ಪ್ರೀತಮ್ ಇವರ ಕಡೆಯವನಾದ. ಡೆಮೊ ಜೋಡಿಗಳನ್ನು ವಾರಾಂತ್ಯಕ್ಕೆ ಮನೆಗೆ ಕೊಡಲು ಒಪ್ಪಿದ. ಎಷ್ಟಾದರೂ ಬಾಳುವುದು ಮನೆಯಲ್ಲಿ, ಮೆತ್ತೆಯ ಕೋಣೆಯಲ್ಲಲ್ಲ ಎಂಬುದು ಚೆನ್ನಯನ ವಾದ.

ಆದರೆ ಚೆನ್ನಯನ ಮನೆ ಸೆಂಟ್ರಲ್ ಲೈನಿನ ಹಳಿಗೆ ಅಂಟಿಕೊಂಡಂತೆ ಇತ್ತು. ಹಾಲ್‌ನ ಬಲಗೋಡೆಯಲ್ಲಿ ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ಸೊಸೈಟಿಯ ಕಂಪೌಂಡು, ಅದರಾಚೆಗೆ ಹಳಿ. ಗಾಡಿ ಹೋದಾಗ ಷೋಕೇಸಿನ ಗ್ಲಾಸುಗಳು ಒಂದಕ್ಕೊಂದು ಮಾತಾಡುತ್ತಿದ್ದವು. ಇಂಥಲ್ಲಿ ಮದ್ದಳೆಯ ಗುಂಗನ್ನು ಎಲ್ಲಿ ಕೇಳುವುದು? ಅದಕ್ಕೆ ಚೆನ್ನಯ ಕಂಡುಕೊಂಡ ಉಪಾಯ ಮೆಗಾ ಬ್ಲಾಕ್. ಭಾನುವಾರಗಳಲ್ಲಿ ರೈಲ್ವೆಯವರು ಹಳಿ ದುರಸ್ತಿಗೆಂದು ಲೋಕಲ್ ನಿಲ್ಲಿಸುತ್ತಾರೆ. ಅಂದು ಮುಂಬಯಿಯೆಲ್ಲ ಶಪಿಸುತ್ತದೆ. ಚೆನ್ನಯನೊಬ್ಬ ಹಬ್ಬದಂತೆ ಕಾಯುತ್ತಿದ್ದ. ಪೇಪರಿನಲ್ಲಿ ಮೆಗಾ ಬ್ಲಾಕಿನ ಸುದ್ದಿ ಕಂಡೊಡನೆ ಗೆಳೆಯರಿಗೆ ಫೋನು.

"ನಿನಗೇನು, ಮೆಗಾ ಬ್ಲಾಕ್ ಅಂತ ಸಂಭ್ರಮ. ನಾನು ಭಾಂಡೂಪಿನಿಂದ ಬಸ್ಸಿನಲ್ಲಿ ಹಿಟ್ಟಾಗಿ ಬರಬೇಕು," ಎಂದು ದೇವಾನಂದ ಬೈಯುತ್ತಿದ್ದ. ಬೈದು ಬರುತ್ತಿದ್ದ.

ಆ ಭಾನುವಾರಗಳ ಕ್ರಮ ಹೀಗೆ. ವಾರಿಜಾ ಬೆಳಿಗ್ಗೆಯೇ ಸೇತುವೆ ದಾಟಿ ಪೂರ್ವದ ಕಡೆ ಇರುವ ತಂಗಿ ನೀಲಾವತಿಯ ಮನೆಗೆ ಹೋಗುವಳು. ಅವಳು ಹೋದ ಮೇಲೆ ಕಿಟಕಿಯ ಗಾಜು ಎಳೆದು ಚಿಲಕ. ಫ್ಯಾನು ಬಂದ್. ಫೋನು ಬಂದ್. ಮುಂಗೋಡೆಯ ಎದುರು ವಾರಿಜಾಳ ತೆಳ್ಳಗಿನ ಹತ್ತಿ ಸೀರೆಯೊಂದನ್ನು ತೆರೆಯಂತೆ ಅಡ್ಡ ಕಟ್ಟುವುದು. ಒಂದು ತುದಿ ಕಪಾಟಿನ ಹಿಡಿಗೆ, ಇನ್ನೊಂದು ದೇವಾನಂದನ ಕೈಗೆ. ಹಿಂದೆ ಗುಡುಸಾಬ ತಂತಿ ಬದಲಿಸುವುದು. ಕಣ್ಣಿಗೆ ಕಂಡರೆ ಕಿವಿ ಸುಳ್ಳು ಹೇಳುತ್ತದೆ, ಹಾಗಾಗಿ ಯಾವ ಜೋಡಿ ನುಡಿಯುತ್ತಿದೆ ಎಂದು ಚೆನ್ನಯನಿಗೆ ಕಾಣಬಾರದು. ಒಂದು ಕಾಲದಲ್ಲಿ ಬೇರೆಯವರಿಗೆ ತೆರೆ ಹಿಡಿದವನ ಎದುರು ಈಗ ಮೇಷ್ಟ್ರು ತೆರೆ ಹಿಡಿದು ಬೆವರುತ್ತಿದ್ದರು.

ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಕಿಟಕಿಯ ಪಕ್ಕ ವಾರಿಜಾಳ ಬೆತ್ತದ ಕುರ್ಚಿಯಿತ್ತು, ದಪ್ಪ ಹತ್ತಿ ಮೆತ್ತೆಯದು. ಚೆನ್ನಯ ಘಾಟ್‌ಕೋಪರಿನಿಂದ ಬರುತ್ತಿದ್ದ ದಿನಗಳಲ್ಲಿ ಅವಳು ಸಂಜೆ ಅಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತ ಸ್ಲೋ ಲೋಕಲ್ ಬಂದು ನಿಲ್ಲುವುದನ್ನು ನೋಡಿ ಅನ್ನಕ್ಕೆ ನೀರಿಡುತ್ತಿದ್ದಳು. ಅವನು ಮನೆಯಲ್ಲೇ ಕೂತ ಮೇಲೂ ಆ ಜಾಗ ಬಿಟ್ಟಿರಲಿಲ್ಲ. ಸ್ಪೀಕರಿಗೆ ಜಾಗ ಬೇಕೆಂದು ಭಾನುವಾರಗಳಂದು ಆ ಕುರ್ಚಿ ಅಡುಗೆಮನೆಗೆ ಹೋಗುತ್ತಿತ್ತು. ಅವಳು ಬರುವುದರೊಳಗೆ ಮತ್ತೆ ಅಲ್ಲಿಗೇ ಬರುತ್ತಿತ್ತು.

ತಿಂಗಳುಗಳು ಕಳೆದು ಉಳಿದದ್ದು ಎರಡು ಜೋಡಿ. ಒಂದು ಡೆನ್ಮಾರ್ಕಿನದು, ನೆಲದಿಂದ ಎದೆಯೆತ್ತರ, ಕರಿಮೆರುಗಿನದು. ಇನ್ನೊಂದು ಇಂಗ್ಲೆಂಡಿನ ಸಣ್ಣ ಮರದ ಪೆಟ್ಟಿಗೆ. ಸಣ್ಣದರಲ್ಲಿ ಭಾಗವತರ ಸ್ವರ ಬಂದಾಗ ಚೆನ್ನಯ ಬಾಗಿ ಕೂರುತ್ತಿದ್ದ. ಆದರೆ ತಾಳ ಬಿದ್ದಾಗ ಬಲಗಡೆಯಿಂದ ಒಂದು ಮೊಳೆ ಕಿವಿಗೆ ಹೊಕ್ಕಂತೆ ಮುಖ ಕಿವುಚುತ್ತಿದ್ದ.

"ಮ್ಯಾಲಿನ ಸಣ್ಣ ಸ್ಪೀಕರ ಭಾಳ ಖಾರ ಐತ್ರಿ ಇದರದು," ಎಂದು ಗುಡುಸಾಬ ತೆರೆಯ ಹಿಂದಿನಿಂದಲೇ ತೀರ್ಪು ಕೊಟ್ಟ. "ಮಾಡಿದವ್ರೇ ಹಂಗ ಮಾಡ್ಯಾರ. ದವಾ ಇಲ್ಲ ಇದಕ್ಕ."

ದೊಡ್ಡ ಜೋಡಿಯಲ್ಲಿ ಆ ದೋಷ ಇರಲಿಲ್ಲ. ಆದರೆ ಅದನ್ನು ಗೋಡೆಗೆ ಒತ್ತಿ ಇಡುವಂತಿಲ್ಲ. ಒತ್ತಿದರೆ ಮದ್ದಳೆ ನಗಾರಿಯಾಗುತ್ತದೆ. ಗೋಡೆಯಿಂದ ಬಹಳ ಮುಂದಕ್ಕೆ ತಂದು, ಕಿಟಕಿಯನ್ನೂ ದಾಟಿಸಿ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದಾಗ ಬಲಗಡೆಯದು ಸರಿಯಾಗಿ ವಾರಿಜಾಳ ಕುರ್ಚಿಯ ಜಾಗದಲ್ಲಿ ನಿಂತಿತು. ಮೂವರೂ ಅದನ್ನು ನೋಡಿದರು. ಭಾನುವಾರಕ್ಕಾದರೆ ಕುರ್ಚಿ ಅಡುಗೆಮನೆಗೆ ಹೋಗಿ ಬರಬಹುದು. ಬಾಳಿಡೀ ಇಡುವುದಾದರೆ?

"ವೈನೀಗೆ ಟ್ರಾನ್ಸಫರ್ ಆರ್ಡರ್ ಯಾರ ಕೊಡೂರು?" ಎಂದ ಗುಡುಸಾಬ.

ಆ ಆರ್ಡರು ಕೊಡುವ ಕಷ್ಟ ಚೆನ್ನಯನಿಗೆ ಬರಲಿಲ್ಲ. ನೀಲಾವತಿಯ ಮನೆಯಲ್ಲಿ ನೀರು ಬಾರದೆ ವಾರಿಜಾ ಅಂದು ಬೇಗ ಬಂದಳು. ಬಾಗಿಲು ತೆಗೆದು ಬಂದವಳು ಹಾಲ್‌ನಲ್ಲಿ ನಿಂತಿದ್ದ ಕರಿಯ ಕಂಬಗಳನ್ನು ನೋಡಿದಳು, ಅಡ್ಡ ಕಟ್ಟಿದ ತನ್ನ ಸೀರೆ ನೋಡಿದಳು, ಸೀದಾ ಅಡುಗೆಮನೆಗೆ ಹೋದಳು. ಅಲ್ಲಿ ಅವಳ ಕುರ್ಚಿ ಫ್ರಿಜ್ಜಿಗೆ ಮುಖ ಮಾಡಿ ಕೂತಿತ್ತು.

"ಇಲ್ಲಿ ಕೂತರೆ ಫ್ರಿಜ್ಜಿನಲ್ಲಿ ಲೋಕಲ್ ಬರ್ತದಾ?" ಒಳಗಿನಿಂದ ಕೇಳಿತು.

ಚೆನ್ನಯ ಎದ್ದು ಹೋಗಿ ಬಾಗಿಲಲ್ಲಿ ನಿಂತ. "ಇದು ಇವತ್ತಿಗೆ ಮಾತ್ರ."

"ಸುಳ್ಳು ಹೇಳ್ಬೇಡಿ. ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತದೆ. ಇಷ್ಟ ಆಗಿದೆ ಅಲ್ಲ?"

"ಆಗಿದೆ."

"ತನ್ನಿ ಮತ್ತೆ. ನಾನೇ ಹೇಳಿದ್ದಲ್ಲ, ಒಂದು ಸಲ, ಒಳ್ಳೇದೇ ತನ್ನಿ ಅಂತ. ನನಗೆ ಇಲ್ಲಾದ್ರೂ ಆಗ್ತದೆ." ಮತ್ತೆ ಸೇರಿಸಿದಳು: "ಒಂದೇ ಒಂದು. ತರುವ ಮೊದಲು ನಾನೂ ಒಮ್ಮೆ ಕೇಳ್ಬೇಕು. ನನ್ನ ಜಾಗದಲ್ಲಿ ಕೂತು."

ದೇವಾನಂದ ಹೊರಗೆ ನಿಂತು ಇದನ್ನು ಕೇಳಿಸಿಕೊಂಡ. ಮರುದಿನ ಚೆನ್ನಯ ಅವನಿಗೆ ಫೋನು ಮಾಡಿ, "ಅವಳು ಬೇಡ ಅಂದಿದ್ರೆ ಸುಲಭ ಇತ್ತು ಮಾರಾಯ," ಎಂದ. ಆ ಜೋಡಿ ಬಂದರೆ ಅವನ ಆಸೆ ತೀರುತ್ತದೆ, ಅವಳ ಕಿಟಕಿ ಹೋಗುತ್ತದೆ. ಬಾರದಿದ್ದರೆ ಕಿಟಕಿ ಉಳಿಯುತ್ತದೆ, ಆದರೆ ಅವನು ಪ್ರತಿ ಸಂಜೆ ಆ ಕುರ್ಚಿಯನ್ನು ಯಾವ ಕಣ್ಣಿನಿಂದ ನೋಡಿಯಾನು ಎಂಬುದು ಅವನಿಗೇ ಭಯ. ಪ್ರೀತಮ್‌ಗೆ ಆ ವಾರದೊಳಗೆ ಹೇಳಬೇಕಿತ್ತು. ಬೇರೆ ಗಿರಾಕಿ ಕಾಯುತ್ತಿದ್ದ.

ವಾರಿಜಾ ಕೇಳುವ ದಿನ ಬುಧವಾರ ಬಂತು. ಭಾನುವಾರಕ್ಕೆ ಕಾಯುವಷ್ಟು ದಿನವಿರಲಿಲ್ಲ. ಅಕ್ಟೋಬರಿನ ಸೆಖೆ. ಅವಳು ತನ್ನ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಬಸಳೆಯ ಕಟ್ಟು ಇಟ್ಟುಕೊಂಡಳು.

"ಕಿಟಕಿ ಮುಚ್ಬೇಕು ಅತ್ತಿಗೆ," ಎಂದ ದೇವಾನಂದ, ತೆರೆಯ ತುದಿ ಹಿಡಿದುಕೊಂಡು.

"ಮುಚ್ಚಿದ್ರೆ ನಾನು ಸಾಯ್ತೇನೆ ದೇವಾನಂದಣ್ಣ. ಹಾಗೇ ಇರ್ಲಿ."

ಗುಡುಸಾಬ ಗೊಣಗಿದ. ಗಾಡಿ ಓಡುತ್ತವೆ, ಕಿಟಕಿ ತೆರೆದಿದೆ, ಕುರ್ಚಿ ಅಲ್ಲೇ ಇರುವುದರಿಂದ ದೊಡ್ಡ ಜೋಡಿಯನ್ನು ಹಿಂದಕ್ಕೆ ಒತ್ತಿ ಇಡಬೇಕಾಗಿದೆ, ಇದು ನ್ಯಾಯವಲ್ಲ. "ದೊಡ್ಡದಕ್ಕ ಕಾಲ ಚಾಚಾಕ ಜಾಗಾ ಇಲ್ರೀ. ಇದು ಪರೀಕ್ಷಾ ಅಲ್ಲ, ಶಿಕ್ಷಾ."

"ಇರ್ಲಿ ಭಾಯಿ, ಅವಳ ಸಮಾಧಾನಕ್ಕೆ," ಎಂದ ಚೆನ್ನಯ. ಅವನ ದನಿಯಲ್ಲಿ ಉತ್ಸಾಹ ಇರಲಿಲ್ಲ.

ಮೊದಲ ಜೋಡಿ ನುಡಿಯಿತು. ಮದ್ದಳೆ ದಪ್ಪವಾಗಿ ಗುಮ್ಮೆಂದು ಕೋಣೆಯ ಮೂಲೆಗಳಲ್ಲಿ ಉರುಳಿತು. ಚೆನ್ನಯ ತಲೆಯಾಡಿಸಿ, "ಆಯ್ತು, ಇನ್ನೊಂದು," ಎಂದ. ಗುಡುಸಾಬ ತಂತಿ ಬದಲಿಸಿದ. ಭಾಗವತರ ಸ್ವರ ಎದ್ದಿತು. ತಾಳ ಬಿತ್ತು. ಚೆನ್ನಯನ ಮುಖ ಕಿವುಚಲು ಸಿದ್ಧವಾಗಿದ್ದದ್ದು ಹಾಗೇ ನಿಂತಿತು. ಅವನು ಬೆರಳೆತ್ತಿದ, ಆದರೆ "ಈಗ ನೋಡು" ಎನ್ನಲಿಲ್ಲ. ಅಷ್ಟರಲ್ಲಿ ಒಂದು ಫಾಸ್ಟ್ ಲೋಕಲ್ ಬಂದು ಎಲ್ಲವನ್ನೂ ಬಾಚಿಕೊಂಡು ಹೋಯಿತು; ಮದ್ದಳೆ, ತಾಳ, ಭಾಗವತರು ಯಾರೂ ಉಳಿಯಲಿಲ್ಲ. ಚೆನ್ನಯ ಕದಲಲಿಲ್ಲ. ಗಾಡಿ ಹೋಯಿತು. ಅದರ ಹಿಂದೆ, ನೀರು ಇಳಿದ ಮೇಲೆ ಕಾಣುವ ಮೆಟ್ಟಿಲಿನಂತೆ, ಮದ್ದಳೆಯ ಗುಂಗು ಅಲ್ಲೇ ಇತ್ತು.

"ಚುಚ್ಚಲೇ ಇಲ್ಲ, ಇದೇ ದೊಡ್ಡದು," ಎಂದ ಚೆನ್ನಯ, ಕಣ್ಣು ತೆರೆಯದೆ. "ವಾರಿಜಾ, ಕೇಳಿದಿಯಾ? ಇದಕ್ಕೇ ನಾನು... ದೇವು, ತೆರೆ ಬಿಡು."

ದೇವಾನಂದ ಸೀರೆ ಬಿಟ್ಟ. ತಂತಿ ಹೋಗಿದ್ದದ್ದು ಸಣ್ಣ ಪೆಟ್ಟಿಗೆಗೆ.

ಗುಡುಸಾಬ ತಾನೇ ಕಟ್ಟಿದ ತಂತಿಯನ್ನು ಬಗ್ಗಿ ಮತ್ತೆ ನೋಡಿದ. "ಇದು ಖಾರ ಅಲ್ರೀ? ನಾ ಹೇಳಿದ್ನಲ್ಲ..." ಎಂದು ನಿಲ್ಲಿಸಿದ.

ಮುಂದಿನ ಹೊತ್ತನ್ನು ದೇವಾನಂದ ಮರೆಯುವಂತಿಲ್ಲ. ಚೆನ್ನಯ ಚಿಕ್ಕ ಹುಡುಗನಂತೆ ಆಗಿಬಿಟ್ಟ. ತಂತಿ ಎಳೆದು ನೋಡಿದ. ಪೆಟ್ಟಿಗೆಗೆ ಕಿವಿಯಿಟ್ಟು ನೋಡಿದ. ಗೋಡೆ ತಟ್ಟಿದ. ಮತ್ತೆ ಹಾಕಿಸಿದ, ತಾಳ ಮೆತ್ತಗೇ ಬಿತ್ತು. ಯಾವುದು ಬದಲಾಯಿತು? ಪೆಟ್ಟಿಗೆ ಅದೇ, ತಂತಿ ಅದೇ, ಹಾಡು ಅದೇ, ಇಟ್ಟ ಜಾಗವೂ ಭಾನುವಾರದ್ದೇ. ಕೊನೆಗೆ ಅವನ ಕಣ್ಣು ಹೆಂಡತಿಯ ಮೇಲೆ ನಿಂತಿತು.

"ವಾರಿಜಾ, ಒಮ್ಮೆ ಏಳು."

"ಎಂತಕ್ಕೆ?"

"ಏಳು ಮಾರಾಯ್ತಿ. ಕಿಟಕಿ ಮುಚ್ಚಿ ಅಡುಗೆಮನೆಗೆ ಹೋಗು. ದೇವು, ಕುರ್ಚಿ ತೆಗಿ."

ಅವಳು ಎದ್ದಳು. ಕಿಟಕಿ ಮುಚ್ಚಿತು. ಕುರ್ಚಿ ಹೋಯಿತು. ತಾಳ ಬಿದ್ದಾಗ ಮೊಳೆ ಮತ್ತೆ ಹೊಕ್ಕಿತು. ಅವನ ಮುಖವೇ ಹೇಳಿತು.

"ಈಗ ಬಾ. ಕೂರು. ಕಿಟಕಿ ತೆಗಿ."

ಮೊಳೆ ಇಲ್ಲ.

"ಏಳು."

"ನನ್ನ ಹತ್ರ ಕವಾಯತು ಮಾಡಿಸ್ತೀರಾ ನೀವು?" ಎಂದಳು ವಾರಿಜಾ. ಎಂದರೂ ಎದ್ದಳು. ಅವಳಿಗೂ ಕುತೂಹಲ ಹತ್ತಿತ್ತು. ಏಳುವುದು, ಕೂರುವುದು, ಅರ್ಧ ಕಿಟಕಿ, ಪೂರ್ತಿ ಕಿಟಕಿ. ಕುರ್ಚಿ ಮಾತ್ರ, ಕುರ್ಚಿಯಲ್ಲಿ ಅವಳು. ಬಸಳೆ ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ.

ಕೊನೆಗೆ ತಿಳಿದದ್ದು ಇಷ್ಟೆ. ಬಲಗಡೆಯ ಪೆಟ್ಟಿಗೆಯ ಶಬ್ದ ಮುಚ್ಚಿದ ಕಿಟಕಿಯ ಗಾಜಿಗೆ ಬಡಿದು, ಪುಟಿದು, ಚೆನ್ನಯನ ಕಿವಿಗೆ ಎರಡನೆಯ ಸಲ ಬರುತ್ತಿತ್ತು. ಆ ಎರಡನೆಯದೇ ಮೊಳೆ. ಕಿಟಕಿ ತೆರೆದರೆ ಅದು ಹೊರಗೆ ಹೋಗುತ್ತದೆ. ಉಳಿದ ಚೂರನ್ನು ದಪ್ಪ ಮೆತ್ತೆಯೂ ಅದರಲ್ಲಿ ಕೂತ ಮನುಷ್ಯರೂ ಹೀರಿಕೊಳ್ಳುತ್ತಾರೆ. ಆಮೇಲೆ ದೇವಾನಂದ ಪುಸ್ತಕ ಹುಡುಕಿ ಓದಿದ: ಒಂದು ಕೋಣೆ ಎಷ್ಟು ಶಬ್ದ ನುಂಗುತ್ತದೆ ಎಂದು ಅಳೆಯಲು ಹಿಂದಿನವರು ತೆರೆದ ಕಿಟಕಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರಂತೆ. ಅದನ್ನು ಚೆನ್ನಯನಿಗೆ ಹೇಳಿದಾಗ ಅವನು ನಕ್ಕ. "ನೋಡು, ನಿನ್ನ ಪುಸ್ತಕಕ್ಕೂ ಗೊತ್ತಿತ್ತು. ನಾವೇ ಹೆಡ್ಡರು."

ಹೆಡ್ಡತನವೇ ಸರಿ. ಸ್ಪೀಕರಿನ ಹುಚ್ಚಿದ್ದವರು ಮಾತ್ರ ಮಾಡಬಲ್ಲ ಹೆಡ್ಡತನ. ಚೆನ್ನಾಗಿ ಕೇಳಬೇಕೆಂದು ಮನೆಯನ್ನು ಮನೆಯಲ್ಲದ ಹಾಗೆ ಮಾಡಿದ್ದರು. ಗಾಡಿ ನಿಂತ ದಿನ ನೋಡಿ, ಗಾಳಿ ಮುಚ್ಚಿ, ಮನೆಯಾಕೆಯನ್ನು ತಂಗಿಯ ಮನೆಗೆ ಕಳಿಸಿ, ಅವಳ ಕುರ್ಚಿಯನ್ನು ಫ್ರಿಜ್ಜಿನ ಎದುರು ಕೂರಿಸಿ, ಆಮೇಲೆ ಸ್ಪೀಕರಿನ ಮೇಲೆ ತಪ್ಪು ಹೊರಿಸಿದ್ದರು.

"ಅಂದ್ರೆ ಎಂತಾಯ್ತು ಈಗ?" ಎಂದು ಕೇಳಿದಳು ವಾರಿಜಾ.

"ಅಂದ್ರೆ ಸಣ್ಣದು ಬರ್ತದೆ. ನೀನು ಅಲ್ಲೇ ಕೂರ್ಬೇಕು."

"ನಾನು ಎದ್ದು ಹೋದ್ರೆ?"

"ಹಾಳಾಗ್ತದೆ."

"ಹಾಗಾದ್ರೆ ಇನ್ನು ನಾನು ಏಳುವ ಹಾಗಿಲ್ಲ. ಬಸಳೆ ನೀವೇ ಬೇಯಿಸಿ," ಎಂದು ಅವಳು ನೆಲದ ಸೊಪ್ಪು ತೋರಿಸಿದಳು. ಗುಡುಸಾಬ ನಕ್ಕು ನಕ್ಕು ಕರಿಯ ಕಂಬವೊಂದಕ್ಕೆ ಒರಗಿದ. ಅದು ಇನ್ನೂ ಶೋರೂಮಿನ ಆಸ್ತಿ ಎಂದು ದೇವಾನಂದ ನೆನಪಿಸಬೇಕಾಯಿತು.

ಸಣ್ಣ ಜೋಡಿ ಬಂತು. ಪವಾಯಿಯಲ್ಲಿ ಇಂಥ ಹುಚ್ಚಿನವರದ್ದೇ ಒಂದು ಕೂಟವಿದೆ; ಅವರು ಬಂದು ಕೇಳಿ, ಕಿಟಕಿ ಯಾಕೆ ತೆರೆದಿದೆ ಎಂದು ಕೇಳಿ, ಗಾಡಿ ಬಂದಾಗ ಒಬ್ಬರನ್ನೊಬ್ಬರು ನೋಡಿಕೊಂಡು, ಚಹಾ ಕುಡಿದು ಹೋದರು. ಚೆನ್ನಯನಿಗೆ ಬೇಸರವಾಗಲಿಲ್ಲ. ಪೇಪರಿನಲ್ಲಿ ಮೆಗಾ ಬ್ಲಾಕಿನ ಸುದ್ದಿ ನೋಡುವುದನ್ನು ಬಿಟ್ಟ. ಸಂಜೆ ಗಾಡಿಗಳು ದಟ್ಟವಾಗುವ ಹೊತ್ತಿಗೇ ಹಾಡು ಹಾಕುತ್ತಿದ್ದ. ಲೋಕಲ್ ಬಂದಾಗ ನಿಲ್ಲಿಸುತ್ತಿರಲಿಲ್ಲ. ಗಾಡಿ ಹೋಗಲಿ ಎಂದು ಗಂಡ ಹೆಂಡತಿ ಇಬ್ಬರೂ ಕಾಯುತ್ತಿದ್ದರು, ಮಾತಿನ ನಡುವೆ ಕೆಮ್ಮಿದವರನ್ನು ಕಾಯುವ ಹಾಗೆ.

"ಬಾಳಿಡೀ" ಎಂದು ತಂದ ಆ ಜೋಡಿಯ ಜೊತೆ ಅವನು ಬಾಳಿದ್ದು ಹೆಚ್ಚು ಕಾಲವಲ್ಲ. ಮರುವರ್ಷದ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವನು ಹಿಂದಿರುಗಲಿಲ್ಲ. ರಬ್ಬರಿನ ಅಂಚು, ಬಿಡಿಭಾಗ, ಮಾಡಿದವರ ಭರವಸೆ, ಎಲ್ಲವನ್ನೂ ವಿಚಾರಿಸಿದ್ದ. ಬದಲಿಸದೆ ಇಟ್ಟುಕೊಂಡ. ಕೊಟ್ಟ ಮಾತಿನಂತೆ ನಡೆದ ಎನ್ನಬೇಕು.

ಬೊಜ್ಜದ ಉತ್ತರಕ್ರಿಯೆ ಕಳೆದು ಕೆಲವು ವಾರಗಳ ಮೇಲೆ ಒಂದು ಭಾನುವಾರ ದೇವಾನಂದ ಎಂದಿನಂತೆ ಹೊರಟ. ಮೆಗಾ ಬ್ಲಾಕ್. ಬಸ್ಸಿನಲ್ಲಿ ನಿಂತು, ಯಾರನ್ನೂ ಬೈಯಲಾಗದೆ, ಮುಲುಂಡಿಗೆ ಬಂದ. ವಾರಿಜಾ ತನ್ನ ಕುರ್ಚಿಯಲ್ಲಿದ್ದಳು. ಹಳಿಯ ಮೇಲೆ ಕೆಲಸದವರ ದನಿ ಮಾತ್ರ. ಕೂತು, ಸ್ವಲ್ಪ ಹೊತ್ತಾದ ಮೇಲೆ, "ಹಾಕಲಾ ಅತ್ತಿಗೆ?" ಎಂದು ಕೇಳಿದ. ಚೆನ್ನಯ ಹೋದ ಮೇಲೆ ಆ ಸ್ಪೀಕರುಗಳು ನುಡಿದಿರಲಿಲ್ಲ.

"ಇವತ್ತು ಬೇಡ," ಎಂದಳು. "ಇವತ್ತು ಗಾಡಿ ಇಲ್ಲ. ನಾಳೆ ಬನ್ನಿ."

ಸೋಮವಾರ ಸಂಜೆ ಹೋದ. ಎಂದೂ ತೆರೆಯ ತುದಿಯಲ್ಲೇ ನಿಂತು ಅಭ್ಯಾಸವಾದವನಿಗೆ ಎಲ್ಲಿ ಕೂರುವುದೆಂದು ತಿಳಿಯಲಿಲ್ಲ. ಅವಳು ಕಣ್ಣಿನಲ್ಲೇ ಚೆನ್ನಯನ ಜಾಗ ತೋರಿಸಿದಳು. ಕೂತ. ಹಳೆಯ ಆಟವನ್ನೇ ಹಾಕಿದ. ಮದ್ದಳೆ, ತಾಳ, ಭಾಗವತರು. ಅವನಿಗೆ ಎಂದಿನಂತೆ ಎಲ್ಲ ಒಟ್ಟಿಗೆ, ಯಾವ ವಿಶೇಷವೂ ಇಲ್ಲದೆ ಕೇಳಿತು. ಗಾಡಿ ಬಂತು, ಇಬ್ಬರೂ ಕಾದರು, ಗಾಡಿ ಹೋಯಿತು.

ಅಷ್ಟರಲ್ಲಿ ಮಳೆಯ ಒಂದು ಅಡ್ಡ ಹೊಡೆತ ಬಂತು. ವಾರಿಜಾ ಎದ್ದು ಕಿಟಕಿಯ ಗಾಜು ಎಳೆದು, ಒದ್ದೆಯಾಗದಿರಲೆಂದು ಕುರ್ಚಿಯನ್ನು ಒಳಗೆ ಸರಿಸಿ, ಬಾಲ್ಕನಿಯ ಬಟ್ಟೆ ತೆಗೆಯಲು ಹೋದಳು. ತಾಳ ಬಿತ್ತು. ದೇವಾನಂದ ತಟ್ಟನೆ ಬಲಕ್ಕೆ ತಿರುಗಿದ. ಅಲ್ಲಿ, ಗಾಜಿನ ಕಡೆಯಿಂದ, ಸಣ್ಣಗೆ, ಚೂಪಾಗಿ, ಏನೋ ಚುಚ್ಚಿತು. ಮತ್ತೆ ತಾಳ, ಮತ್ತೆ ಅದು. ಇಷ್ಟು ವರ್ಷ ಕೇಳದ್ದು, ಇಲ್ಲವೇ ಇಲ್ಲವೇನೋ ಎಂದುಕೊಂಡಿದ್ದದ್ದು. ಬಾಯಿ ತಾನಾಗಿ "ಚೆನ್ನ, ಕೇಳಿತು ಮಾರಾಯ," ಎನ್ನಲು ತೆರೆಯಿತು. ಯಾರಿಗೆ ಹೇಳಬೇಕೋ ಅವನ ಜಾಗದಲ್ಲಿ ತಾನೇ ಕೂತಿದ್ದ.

ಮಳೆ ಬಂದ ಹಾಗೇ ನಿಂತಿತು. ವಾರಿಜಾ ಬಂದು ಕಿಟಕಿ ತೆರೆದು, ಕುರ್ಚಿ ಸರಿಸಿ, ಬಸಳೆ ಸೊಪ್ಪು ಮಡಿಲಿಗಿಟ್ಟುಕೊಂಡು ಕೂತಳು. ತಾಳ ಬಿತ್ತು. ಚುಚ್ಚಲಿಲ್ಲ.

ದೇವಾನಂದ ಹಾಡನ್ನು ಮೊದಲಿನಿಂದ ಹಾಕಿದ. ಅವಳ ಕಡೆ ತಿರುಗಿ ಹೇಳಿದ:

"ಅತ್ತಿಗೆ, ಕಿಟಕಿ ಮುಚ್ಚಿ, ಒಮ್ಮೆ ಏಳ್ತೀರಾ?"

ವಾರಿಜಾ ಅವನ ಮುಖವನ್ನೇ ನೋಡಿದಳು. ಆಮೇಲೆ ಮಡಿಲಿನ ಸೊಪ್ಪನ್ನು ಕೆಳಗಿಟ್ಟು, ಕುರ್ಚಿಯ ಕೈ ಹಿಡಿದು ಎದ್ದಳು.

"ನೀವೂ ಶುರು ಮಾಡಿದ್ರಾ?" ಎಂದಳು.